ನೀಲಿ ಪಟ್ಟಿಯ ಟೋಪಿಗೆ ದುಡ್ಡು ಕೊಡುವವರು ಯಾರು?

ಪ್ರಶ್ನೆ: ನಾವು ಬ್ರಿಟನ್‌ನ ಭಾಗವಾದ ವೇಲ್ಸ್‌ನ ರಾಜಧಾನಿ ಕಾರ್ಡಿಫ್‌ಗೆ ಬಂದು ಎರಡು ವರ್ಷ ಆಯಿತು. ನಮ್ಮ ಬೀದಿಯಲ್ಲಿ ನೀಲಿ ಪಟ್ಟಿಯ ಟೋಪಿ ಹಾಕಿದವರೊಬ್ಬರು ಆಗಾಗ ಓಡಾಡುತ್ತಾರೆ. ಸೈಕಲ್ ಕಳುವಾದಾಗ ಅವರಿಗೇ ಹೇಳಿದೆ. ‘ನಾನು ಪೊಲೀಸ್ ಅಲ್ಲ, ಕಮ್ಯುನಿಟಿ ಸಪೋರ್ಟ್ ಆಫೀಸರ್’ ಅಂದರು. ಇವರ ಸಂಬಳಕ್ಕೆ ವೇಲ್ಸ್ ಸರ್ಕಾರ ದುಡ್ಡು ಕೊಡುತ್ತದಂತೆ. ಇಲ್ಲಿನ ಪೊಲೀಸ್ ಲಂಡನ್ ಕೈಯಲ್ಲಿದೆ ಅಲ್ವಾ? ಮತ್ತೆ ನಮ್ಮ ಕೌನ್ಸಿಲ್ ಟ್ಯಾಕ್ಸ್‌ನಲ್ಲೂ (ಮನೆಗೆ ಕಟ್ಟುವ ಸ್ಥಳೀಯ ತೆರಿಗೆ) ಪೊಲೀಸರಿಗೆ ಅಂತ ಯಾಕೆ ಹಿಡಿಯುತ್ತಾರೆ? ಇವರಿಗೆ ಬಂಧಿಸುವ ಅಧಿಕಾರ ಇದೆಯಾ?
– ಓದುಗರೊಬ್ಬರು, ಕಾರ್ಡಿಫ್

ಉತ್ತರ: ನಿಮ್ಮ ಗೊಂದಲ ಸಹಜ. ನಮ್ಮಲ್ಲಿ ಪೊಲೀಸ್ ರಾಜ್ಯ ಪಟ್ಟಿಯ ವಿಷಯ. ಪೇದೆಯ ನೇಮಕ, ಸಂಬಳ, ವರ್ಗ ಎಲ್ಲ ರಾಜ್ಯ ಸರ್ಕಾರದ ಲೆಕ್ಕ. ವೇಲ್ಸ್‌ನಲ್ಲಿ ಹಾಗಿಲ್ಲ. ಶಾಲೆ, ಆಸ್ಪತ್ರೆ ಕಾರ್ಡಿಫ್ ಸರ್ಕಾರಕ್ಕೆ ಬಂದಿವೆ, ಪೊಲೀಸ್ ಇನ್ನೂ ಲಂಡನ್‌ನಲ್ಲೇ ಇದೆ. ಸ್ಕಾಟ್ಲೆಂಡ್‌ಗೆ ಸಿಕ್ಕಿದ್ದು ವೇಲ್ಸ್‌ಗೆ ಸಿಕ್ಕಿಲ್ಲ. ಕೊಡಬೇಕು ಎಂದು ವೇಲ್ಸ್‌ನ ನ್ಯಾಯ ವ್ಯವಸ್ಥೆಯನ್ನು ಪರಿಶೀಲಿಸಿದ ಲಾರ್ಡ್ ಥಾಮಸ್ ಆಯೋಗ 2019ರಲ್ಲಿ ಹೇಳಿತ್ತು.

ಆದರೂ ದುಡ್ಡು ಮೂರು ಕಡೆಯಿಂದ ಬರುತ್ತದೆ. ಲಂಡನ್‌ನ ಗೃಹ ಇಲಾಖೆಯ ಅನುದಾನ ಒಂದು. ವೇಲ್ಸ್ ಸರ್ಕಾರದ ಪಾಲು ಇನ್ನೊಂದು. ಮೂರನೆಯದು ನೀವು ಕಟ್ಟುವ ಕೌನ್ಸಿಲ್ ಟ್ಯಾಕ್ಸ್. ಬಿಲ್ಲಿನ ಆ ಸಾಲಿನ ಮೊತ್ತ ನಿಗದಿ ಮಾಡುವವರು ಜನರೇ ಆರಿಸುವ ಪೊಲೀಸ್ ಕಮಿಷನರ್. ನಮ್ಮ ಐಪಿಎಸ್ ಕಮಿಷನರ್ ಅಲ್ಲ, ಮತ ಕೇಳಿ ಬರುವ ರಾಜಕಾರಣಿ. 2012ರಲ್ಲಿ ಶುರುವಾದ ಈ ಹುದ್ದೆಯನ್ನು 2028ಕ್ಕೆ ತೆಗೆಯುತ್ತೇವೆ ಎಂದು ಬ್ರಿಟನ್ ಸರ್ಕಾರ ಹೇಳಿದೆ.

ನಿಮ್ಮ ಬೀದಿಯವರ ಕತೆ ಬೇರೆ. ಈ ಆಫೀಸರ್‌ಗಳನ್ನು ತಂದದ್ದು 2002ರ ಪೊಲೀಸ್ ಸುಧಾರಣೆ ಕಾಯ್ದೆ. 2010ರ ನಂತರ ಲಂಡನ್ ಪೊಲೀಸ್ ಖರ್ಚಿಗೆ ಕತ್ತರಿ ಹಾಕಿತು. ಬೀದಿಯಲ್ಲಿ ನಡೆದಾಡುವವರೇ ಕಮ್ಮಿಯಾಗುತ್ತಾರೆ ಎಂಬ ಭಯ ಹುಟ್ಟಿತು. 2011ರ ಚುನಾವಣೆಯಲ್ಲಿ ವೇಲ್ಸ್‌ನ ಲೇಬರ್ ಪಕ್ಷ, ಹೆಚ್ಚುವರಿಯಾಗಿ 500 ಸಪೋರ್ಟ್ ಆಫೀಸರ್‌ಗಳಿಗೆ ನಾವೇ ದುಡ್ಡು ಕೊಡುತ್ತೇವೆ ಅಂದಿತು, ಗೆದ್ದ ಮೇಲೆ ಕೊಟ್ಟಿತು. 2021ರಲ್ಲಿ ಇನ್ನೂ 100 ಸೇರಿಸುವುದಾಗಿ ಹೇಳಿತು. ಆಗ ವರ್ಷಕ್ಕೆ 2 ಕೋಟಿ 20 ಲಕ್ಷ ಪೌಂಡ್‌ಗೂ ಜಾಸ್ತಿ ಖರ್ಚಾಗುತ್ತಿತ್ತು.

ದುಡ್ಡು ಕೊಟ್ಟವರು ಆಜ್ಞೆ ಕೊಡುವಂತಿಲ್ಲ, ನೋಡಿ. ಯಾವ ಬೀದಿಗೆ ಯಾರನ್ನು ಕಳಿಸಬೇಕು ಎನ್ನುವುದು ಪೊಲೀಸ್ ಪಡೆಯ ಮುಖ್ಯಸ್ಥರಾದ ಚೀಫ್ ಕಾನ್‌ಸ್ಟೆಬಲ್‌ಗೆ ಬಿಟ್ಟದ್ದು. ವೇಲ್ಸ್‌ನಲ್ಲಿ ಅಂಥವರು ನಾಲ್ವರು, ನಾಲ್ಕು ಪೊಲೀಸ್ ಪಡೆಗಳಿಗೆ ಒಬ್ಬೊಬ್ಬರು. ನಿಮ್ಮದು ಸೌತ್ ವೇಲ್ಸ್ ಪಡೆ.

ನನಗೆ ಕಾಣುವ ತೊಂದರೆಯೂ ಇಲ್ಲೇ ಇದೆ. ಇದು ವೇಲ್ಸ್ ಸರ್ಕಾರ ಮಾಡಲೇಬೇಕಾದ ಖರ್ಚಲ್ಲ, ಮನಸ್ಸಿದ್ದರೆ ಮಾಡುವ ಖರ್ಚು. ಕೈ ಬಿಗಿಯಾದಾಗ ಮೊದಲು ಕತ್ತರಿ ಬೀಳುವುದು ಅಂಥದ್ದಕ್ಕೇ. 2024–25ರ ಬಜೆಟ್‌ನಲ್ಲಿ ಆಸ್ಪತ್ರೆಗಳಿಗೆ ದುಡ್ಡು ಹೊಂದಿಸಬೇಕಾಗಿ ಬಂದಾಗ ಈ ಅನುದಾನದಿಂದ ಸುಮಾರು 75 ಲಕ್ಷ ಪೌಂಡ್ ಹೋಯಿತು. ಪೊಲೀಸ್ ನಿಮ್ಮ ಜವಾಬ್ದಾರಿ, ನೀವೇ ನೋಡಿಕೊಳ್ಳಿ ಎಂದು ಲಂಡನ್ ಕಡೆ ಬೆರಳು ತೋರಿಸುವುದು ಕಾರ್ಡಿಫ್‌ಗೆ ಸುಲಭ.

ಇನ್ನು ಬಂಧಿಸುವ ವಿಚಾರ. ಪೊಲೀಸರಿಗಿರುವ ಆ ಅಧಿಕಾರ ಇವರಿಗಿಲ್ಲ. ಕೆಲವು ಸಣ್ಣ ತಪ್ಪುಗಳಿಗೆ ದಂಡದ ಚೀಟಿ ಕೊಡಬಹುದು, ಬೀದಿಯಲ್ಲಿ ಗಲಾಟೆ ಮಾಡುವವರ ಹೆಸರು, ವಿಳಾಸ ಕೇಳಬಹುದು. ಕೆಲವು ಸಂದರ್ಭಗಳಲ್ಲಿ ಪೊಲೀಸ್ ಬರುವ ತನಕ 30 ನಿಮಿಷ ತಡೆದು ನಿಲ್ಲಿಸಬಹುದು. ‘ಪ್ಲಾಸ್ಟಿಕ್ ಪೊಲೀಸ್’ ಎಂದು ಅಲ್ಲಿ ಗೇಲಿ ಮಾಡುವವರಿದ್ದಾರೆ. ಸುಮ್ನೆ ಗೇಲಿ ಅದು. ಯಾವ ಮನೆಯಲ್ಲಿ ಅಜ್ಜಿ ಒಬ್ಬರೇ ಇದ್ದಾರೆ, ಯಾವ ಮೂಲೆಯಲ್ಲಿ ಹುಡುಗರು ರಾತ್ರಿ ಸೇರುತ್ತಾರೆ ಎನ್ನುವುದು ಕಾರಿನಲ್ಲಿ ಹೋಗುವ ಪೊಲೀಸರಿಗಿಂತ ಇವರಿಗೇ ಚೆನ್ನಾಗಿ ಗೊತ್ತಿರುತ್ತದೆ. ನಮ್ಮೂರ ಬೀಟ್ ಪೇದೆ ಇದ್ದ ಹಾಗೆ, ಲಾಠಿ ಮಾತ್ರ ಇಲ್ಲ.

ಸೈಕಲ್ ವಿಷಯ ಅವರಿಗೆ ಹೇಳಿದ್ದು ತಪ್ಪಲ್ಲ. ಆದರೆ ದೂರು ದಾಖಲಾಯಿತಾ ಕೇಳಿ. ಇಲ್ಲದಿದ್ದರೆ ಪೊಲೀಸರ ತುರ್ತಲ್ಲದ ಕರೆಗಳ ನಂಬರ್ 101ಕ್ಕೆ ಫೋನ್ ಮಾಡಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ವಿಮೆಯವರು ಮೊದಲು ಕೇಳುವುದೇ ಅದನ್ನು.