ಉಬಿರ್‌ ಬಂಡೆ ಚಿತ್ರ ನೋಡಲು ಚಪ್ಪಲಿ ಬಿಡಬೇಕಾ?

ಪ್ರಶ್ನೆ: ನಾವು ಮೆಲ್ಬರ್ನ್‌ನಲ್ಲಿದ್ದೇವೆ. ಹಾಸನದಿಂದ ಅಪ್ಪ, ಅಮ್ಮ ಬಂದಿದ್ದಾರೆ. ಜೂನ್‌ನಲ್ಲಿ ಎಲ್ಲರೂ ಉತ್ತರ ಆಸ್ಟ್ರೇಲಿಯಾದ ಕಾಕಡು ರಾಷ್ಟ್ರೀಯ ಉದ್ಯಾನಕ್ಕೆ, ಬಂಡೆಗಳ ಮೇಲೆ ಹಳೆಯ ಚಿತ್ರಗಳಿರುವ ಉಬಿರ್‌ಗೆ ಹೋಗುತ್ತಿದ್ದೇವೆ. ಅದು ಅಲ್ಲಿನ ಮೂಲನಿವಾಸಿಗಳ ಪವಿತ್ರ ಜಾಗ ಅಂದಿದ್ದೇ ತಡ, ಅಮ್ಮ "ಚಪ್ಪಲಿ ಬಿಟ್ಟು ಹೋಗಬೇಕಾ? ಬಂಡೆ ಮುಟ್ಟಿ ನಮಸ್ಕಾರ ಮಾಡಬಹುದಾ?" ಎಂದು ಕೇಳಿದರು. ಫೋಟೊ ತೆಗೆಯಬಹುದೇ? ಅಪ್ಪನಿಗೆ ಮಂಡಿನೋವು ಬೇರೆ.

ಉತ್ತರ: ಚಪ್ಪಲಿ ಬಿಡುವುದು ಬೇಡ. ಬಂಡೆ ಕಾದಿರುತ್ತದೆ, ಹಾವೂ ಇರುತ್ತವೆ. ಅದಕ್ಕಿಂತ ಮುಖ್ಯವಾಗಿ, ಅದು ನಮ್ಮ ಮಡಿಯ ಪದ್ಧತಿ, ಅವರದಲ್ಲ. ಆ ನೆಲ ಅಲ್ಲಿನ ಮೂಲನಿವಾಸಿಗಳಾದ ಬಿನಿಂಜ್ ಜನರದು. ಸರ್ಕಾರದ ಜತೆ ಸೇರಿ ಉದ್ಯಾನ ನೋಡಿಕೊಳ್ಳುವುದರಲ್ಲಿ ಅವರೂ ಇದ್ದಾರೆ. ಮನೆಯವರು ಹೇಳಿದ ಕಡೆ ಕೂರುವುದೇ ನೆಂಟರ ಮರ್ಯಾದೆ, ಅಲ್ವಾ?

ಅಮ್ಮ ದೂರದಿಂದ ಕೈಮುಗಿಯಲಿ, ಯಾರಿಗೂ ಬೇಸರವಿಲ್ಲ. ಆದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದು ಖಂಡಿತ ಬೇಡ. ಕುಂಕುಮ, ಹೂವು, ಕಾಸು ಯಾವುದೂ ಬೇಡ. ಚಿತ್ರಗಳಲ್ಲಿ ಕೆಮ್ಮಣ್ಣಿನ ಬಣ್ಣ ಕಲ್ಲಿನೊಳಗೆ ಇಳಿದು ಬಹುಕಾಲ ಉಳಿಯುತ್ತದೆ. ಬಿಳಿ ಮಣ್ಣು ಹಾಗಲ್ಲ, ಮೇಲೆಯೇ ಕೂತಿರುತ್ತದೆ, ಬೇಗ ಉದುರುತ್ತದೆ. ಕೈಯ ಜಿಡ್ಡೂ ಕೆಡುಕು, ಕಾಲಿನಿಂದ ಏಳುವ ಧೂಳೂ ಕೆಡುಕು. ಮಳೆನೀರು ಚಿತ್ರದ ಮೇಲೆ ಹರಿಯದಿರಲಿ ಎಂದು ಕೆಲವು ಕಡೆ ಬಂಡೆಗೆ ಸಿಲಿಕೋನ್‌ ಗೆರೆ ಅಂಟಿಸಿದ್ದಾರೆ. ಅಷ್ಟು ಜೋಪಾನ! ಕಟಕಟೆ ಹಾಕಿದ ಕಡೆ ಅದರಾಚೆ ಕಾಲಿಡಬೇಡಿ. ಮಕ್ಕಳಿಗೆ ಇದನ್ನು ಮನೆಯಲ್ಲೇ ಹೇಳಿ ಕರೆತನ್ನಿ.

ಅಲ್ಲಿ ಬಿಳಿಯನೊಬ್ಬನ ಚಿತ್ರವಿದೆ, ಎರಡೂ ಕೈ ಜೇಬಿನಲ್ಲಿ. ನನಗೆ ಬಲು ಇಷ್ಟ. ಮಕ್ಕಳಿಗೆ ಅದನ್ನೇ ತೋರಿಸಿ: ಇಲ್ಲಿ ಕೈ ಹೀಗಿರಬೇಕು! ಎಲುಬು, ಕರುಳೆಲ್ಲ ಕಾಣುವಂತೆ ಬರೆದ ಬ್ಯಾರಮುಂಡಿ ಮೀನನ್ನೂ ನೋಡಿ. ಮೇಲೆ ಎತ್ತರದಲ್ಲಿ ತೈಲಸೀನ್‌ ಎಂಬ, ನಾಯಿಯಂತೆ ಕಾಣುವ ಪಟ್ಟೆ ಬೆನ್ನಿನ ಪ್ರಾಣಿಯ ಚಿತ್ರವಿದೆ. ಆಸ್ಟ್ರೇಲಿಯಾದ ಮುಖ್ಯ ನೆಲದಿಂದ ಅದು ಅಳಿದು ಎರಡು ಸಾವಿರ ವರ್ಷಕ್ಕೂ ಜಾಸ್ತಿ ಆಯಿತು. ಹಾಗಾದರೆ ಚಿತ್ರದ ವಯಸ್ಸು ಎಷ್ಟಿರಬೇಕು, ನೀವೇ ಲೆಕ್ಕ ಹಾಕಿ.

ಸ್ವಂತಕ್ಕೆ ಫೋಟೊ ತೆಗೆಯಬಹುದು. ಬೇಡ ಎಂಬ ಫಲಕ ಇದ್ದಲ್ಲಿ ಫೋನ್‌ ಒಳಗಿಡಿ. ಅನುಮತಿ ಇಲ್ಲದೆ ಡ್ರೋನ್‌ ಹಾರಿಸುವಂತಿಲ್ಲ. ಅಲ್ಲಿನವರ ಮುಖದ ಫೋಟೊ ಬೇಕಿದ್ದರೆ ಮೊದಲು ಕೇಳಿ. ತೀರಿಹೋದವರ ಹೆಸರು ಹೇಳುವುದು, ಫೋಟೊ ತೋರಿಸುವುದು ಅವರಲ್ಲಿ ಎಷ್ಟೋ ಜನರಿಗೆ ನೋವಿನ ಸಂಗತಿ.

ಇನ್ನೊಂದು ಮಾತು. ನಾವು ಕಥೆ ಕೇಳಲು ಕೂತರೆ "ಆಮೇಲೆ? ಆಮೇಲೆ?" ಎನ್ನುವವರು. ಅಲ್ಲಿ ಹಾಗೆ ಒತ್ತಾಯ ಮಾಡಬೇಡಿ. ಕೆಲವು ಕಥೆಗಳು ಹೆಂಗಸರಿಗೆ ಮಾತ್ರ, ಕೆಲವು ಗಂಡಸರಿಗೆ, ಕೆಲವು ದೊಡ್ಡವರಿಗೆ ಮಾತ್ರ. ಹೊರಗಿನವರಿಗೆ ಹೇಳಬಹುದಾದಷ್ಟನ್ನೇ ನಮಗೆ ಹೇಳುತ್ತಾರೆ. ಗೈಡ್‌ ಸುಮ್ಮನಾದರೆ ನೀವೂ ಸುಮ್ಮನಾಗಿ.

ಅಪ್ಪನ ಮಂಡಿಗೆ ತೊಂದರೆಯಿಲ್ಲ. ಚಿತ್ರಗಳ ಸುತ್ತಿನ ದಾರಿ ಸುಮಾರು 1 ಕಿ.ಮೀ., ಹೆಚ್ಚು ಏರಿಲ್ಲ. ಸೂರ್ಯಾಸ್ತ ನೋಡುವ ತುದಿಗೆ ಮಾತ್ರ 250 ಮೀಟರ್‌ ಕಲ್ಲು ಹತ್ತಬೇಕು. ಅವರು ಕೆಳಗೇ ಇರಲಿ, ಅಲ್ಲಿ ನೋಡುವುದು ಬೇಕಾದಷ್ಟಿದೆ. ಪ್ರವೇಶದ ಪಾಸ್‌ ಮೊದಲೇ ತೆಗೆದುಕೊಳ್ಳಿ, ನೀರು ಧಾರಾಳವಾಗಿ ಒಯ್ಯಿರಿ.