ವಾಯ್ಸ್ ಆಕ್ಟಿಂಗ್‌ನಲ್ಲಿ ಸೋಷಿಯಲ್ ಮೀಡಿಯಾ ಮೂಲಕ ಕೆಲಸ ಕೊಡುವವರ ಪರಿಚಯ ಮಾಡಿಕೊಳ್ಳುವುದು ಹೇಗೆ?

"ಎಂಟು ತಿಂಗಳಿಂದ ದಿನಕ್ಕೊಂದು ರೀಲ್ ಹಾಕ್ತಿದ್ದೀನಿ, ಫಾಲೋವರ್ಸ್ ಎರಡು ಸಾವಿರ ದಾಟಿದ್ದಾರೆ, ಕೆಲಸ ಮಾತ್ರ ಒಂದೂ ಬಂದಿಲ್ಲ" ಅಂತ ಬರೆದಿದ್ದೀರಿ. ನನ್ನ ಮೊದಲ ವರ್ಷವೂ ಹೀಗೇ ಕಳೆಯಿತು. ಒಂದು ಸಂಜೆ ಫಾಲೋವರ್ಸ್ ಪಟ್ಟಿ ತೆಗೆದು ಒಬ್ಬೊಬ್ಬರ ಪ್ರೊಫೈಲನ್ನೂ ನೋಡುತ್ತಾ ಹೋದೆ. ಮುಕ್ಕಾಲು ಪಾಲು ನನ್ನ ಹಾಗೆಯೇ ಅವಕಾಶ ಹುಡುಕುತ್ತಿರುವ ಕಲಾವಿದರು, ಉಳಿದವರು ನೆಂಟರು, ಗೆಳೆಯರು. ದನಿಗೆ ದುಡ್ಡು ಕೊಡುವಂಥವರು ಅಂತ ಸಿಕ್ಕಿದ್ದು ಇಬ್ಬರು. ಆ ಇಬ್ಬರಿಗೂ ನಾನು ಅವತ್ತಿನವರೆಗೆ ಒಂದಕ್ಷರ ಬರೆದಿರಲಿಲ್ಲ!

ಎಷ್ಟು ಜನ ಕೇಳಬೇಕು ಅನ್ನುವುದನ್ನು ಅಲ್ಲಿಗೆ ಬಿಟ್ಟು, ಯಾರು ಕೇಳಬೇಕು ಅಂತ ಪಟ್ಟಿ ಮಾಡಿದೆ. ಒಂದು ಸ್ಪ್ರೆಡ್‌ಶೀಟ್, ನಲವತ್ತು ಹೆಸರು. ದೊಡ್ಡ ಕಾಸ್ಟಿಂಗ್ ಡೈರೆಕ್ಟರ್‌ಗಳು ಅದರಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಅವರ ಇನ್‌ಬಾಕ್ಸ್‌ನಲ್ಲಿ ನಮ್ಮಂಥವರ ಸಂದೇಶ ರಾಶಿ ಬಿದ್ದಿರುತ್ತೆ. ನನ್ನ ಪಟ್ಟಿಯಲ್ಲಿ ಇದ್ದವರು ಇ-ಲರ್ನಿಂಗ್ ಪಾಠ ಮಾಡಿಸುವ ಪ್ರೊಡ್ಯೂಸರ್‌ಗಳು, ಜಾಹೀರಾತಿನ ವಿಡಿಯೊ ಎಡಿಟರ್‌ಗಳು, ಸೌಂಡ್ ಎಂಜಿನಿಯರ್‌ಗಳು, ಮತ್ತೆ ಇಬ್ಬರೋ ಮೂವರೋ ಸೇರಿ ಸಣ್ಣ ಗೇಮ್ ಮಾಡುವವರು. ಮೊದಲಿನವರನ್ನೆಲ್ಲ ಲಿಂಕ್ಡ್‌ಇನ್‌ನಲ್ಲಿ ಹುಡುಕಿದೆ, ಗೇಮ್‌ನವರು ಡಿಸ್ಕಾರ್ಡ್ ಎಂಬ ಚಾಟ್ ಆ್ಯಪ್‌ನಲ್ಲಿ ಸಿಕ್ಕರು. ಇನ್‌ಸ್ಟಾಗ್ರಾಮ್ ಈಗ ನನಗೆ ವಿಸಿಟಿಂಗ್ ಕಾರ್ಡ್ ಇದ್ದಂತೆ, ಕೇಳಿದವರಿಗೆ ತೋರಿಸಲಿಕ್ಕೆ.

ಇನ್ನು ಸಂದೇಶ. ಮೊದಮೊದಲು ನಾನು ಕಳಿಸುತ್ತಿದ್ದದ್ದು ಇಷ್ಟೇ: "ನಮಸ್ತೆ, ನಾನು ವಾಯ್ಸ್ ಆರ್ಟಿಸ್ಟ್, ಅವಕಾಶ ಇದ್ದರೆ ತಿಳಿಸಿ." ಒಂದನ್ನೇ ಕಾಪಿ ಮಾಡಿ ಅರವತ್ತು ಜನಕ್ಕೆ ಅಂಟಿಸಿದ್ದೆ. ಒಬ್ಬರಿಗಂತೂ ಇನ್ನೊಬ್ಬರ ಹೆಸರೇ ಹೋಗಿತ್ತು. ನೆನೆಸಿಕೊಂಡರೆ ಈಗಲೂ ಮೈ ಬೆವರುತ್ತೆ. ಆಮೇಲೆ ಒಬ್ಬ ಗೇಮ್ ಡೆವಲಪರ್ ತನ್ನ ಡೆಮೊ ಹಂಚಿಕೊಂಡಾಗ ಅದನ್ನು ಪೂರ್ತಿ ಆಡಿ ಹೀಗೆ ಬರೆದೆ: "ಎರಡನೇ ಹಂತದಲ್ಲಿ ಕಾವಲುಗಾರ ಬಾಗಿಲು ತೆಗೆಯುವ ಮುಂಚೆ ಒಂದು ಕ್ಷಣ ತಡೆಯುತ್ತಾನಲ್ಲ, ಆ ಜಾಗ ತುಂಬಾ ಹಿಡಿಸಿತು. ಅಲ್ಲಿ ಮಾತಿಲ್ಲದಿದ್ದರೂ ಒಂದು ನಿಟ್ಟುಸಿರು ಇದ್ದರೆ ಚೆನ್ನಾಗಿರುತ್ತೆ ಅನ್ನಿಸಿತು." ಕೆಲಸ ಕೇಳಲಿಲ್ಲ, ಲಿಂಕ್ ಹಾಕಲಿಲ್ಲ. ಮರುದಿನ ಉತ್ತರ ಬಂತು: "ನೀವು ದನಿ ಕೊಡ್ತೀರಾ?" ಆ ನಿಟ್ಟುಸಿರನ್ನು ಮೂರು ಥರ ರೆಕಾರ್ಡ್ ಮಾಡಿ ಕಳಿಸಿದೆ. ಕೊನೆಗೆ ಕಾವಲುಗಾರನ ಜೊತೆ ಇನ್ನೆರಡು ಪಾತ್ರವೂ ನನ್ನ ಪಾಲಾದವು. ಲಿಂಕ್ಡ್‌ಇನ್‌ನಲ್ಲಿ ಕನೆಕ್ಷನ್ ಕೇಳುವಾಗ ಉದ್ದವಾಗಿ ಬರೆಯಲು ಬಿಡುವುದಿಲ್ಲ, ಅದು ಒಳ್ಳೆಯದೇ ಆಯಿತು. ಅವರ ಕೆಲಸದ ಬಗ್ಗೆ ಒಂದು ಮಾತು, ನೀವು ಯಾರು ಅಂತ ಒಂದು ಮಾತು, ಅಷ್ಟಕ್ಕೇ ಜಾಗ.

ಗೇಮ್‌ನಲ್ಲಿ ಆಸಕ್ತಿ ಇದ್ದರೆ ಗೇಮ್ ಜ್ಯಾಮ್‌ಗಳ ಡಿಸ್ಕಾರ್ಡ್ ಸರ್ವರ್‌ಗಳನ್ನು, ಅಂದರೆ ಅಲ್ಲಿನ ಗುಂಪುಗಳನ್ನು, ಸೇರಿ. 2009ರಲ್ಲಿ ಶುರುವಾದ ಗ್ಲೋಬಲ್ ಗೇಮ್ ಜ್ಯಾಮ್ ವರ್ಷವರ್ಷವೂ ಜನವರಿ ಕೊನೆಯ ಹೊತ್ತಿಗೆ ನಡೆಯುತ್ತೆ. ಎರಡು ಮೂರು ದಿನದಲ್ಲಿ ಇಡೀ ಗೇಮ್ ಕಟ್ಟುವ ಇಂಥ ಜ್ಯಾಮ್‌ಗಳಲ್ಲಿ ದನಿಯ ನೆನಪಾಗುವುದೇ ಕೊನೇ ಗಳಿಗೆಯಲ್ಲಿ. ಆಗ ಹತ್ತು ಸಾಲನ್ನು ಒಂದು ಗಂಟೆಯೊಳಗೆ ಶುದ್ಧವಾಗಿ ರೆಕಾರ್ಡ್ ಮಾಡಿ ಕೊಟ್ಟವರನ್ನು ಆ ತಂಡ ಮರೆಯುವುದಿಲ್ಲ. ದುಡ್ಡು ಬರುವುದಿಲ್ಲ, ಹಾಗಾಗಿ ವರ್ಷಕ್ಕೆ ಒಂದೆರಡು ಸಾಕು. ಲಾಭಕ್ಕೆ ಮಾಡುವ ಕಂಪನಿಗಳು "ಎಕ್ಸ್‌ಪೋಷರ್ ಸಿಗುತ್ತೆ" ಅಂತ ಪುಕ್ಕಟೆ ದನಿ ಕೇಳಿದರೆ ಮಾತ್ರ ಒಪ್ಪಬೇಡಿ.

ನಿಮ್ಮ ಹಾಗೇ ಇರುವ ಕಲಾವಿದರನ್ನು ಪೈಪೋಟಿ ಅಂತ ದೂರ ಇಡಬೇಡಿ. ನನಗೆ ಬಂದ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಅವರಿಂದಲೇ ಬಂದದ್ದು. ಗಡಸು ದನಿಯವರಿಗೆ ಮಗುವಿನ ಪಾತ್ರ ಬಂದರೆ ಅವರು ಇನ್ಯಾರ ಹೆಸರನ್ನಾದರೂ ಹೇಳಲೇಬೇಕಲ್ಲ? ಆ ಹೆಸರು ನಿಮ್ಮದಾಗಬೇಕಾದರೆ ನೀವು ಯಾವ ಥರದ ಕೆಲಸಕ್ಕೆ ಹೊಂದುತ್ತೀರಿ ಅನ್ನುವುದು ಅವರಿಗೆ ಗೊತ್ತಿರಬೇಕು. "ಎಲ್ಲಾ ಥರ ಮಾಡ್ತೀನಿ" ಅಂದವರು ಯಾರಿಗೂ ನೆನಪಿಗೆ ಬರುವುದಿಲ್ಲ.

ಒಂದು ಎಚ್ಚರಿಕೆ, ನಾನು ಏಟು ತಿಂದು ಕಲಿತದ್ದು. ರೆಕಾರ್ಡಿಂಗ್ ಮುಗಿದ ಖುಷಿಯಲ್ಲಿ ಮೈಕ್‌ನ ಫೋಟೊ ಹಾಕಿದ್ದೆ. ಹಿಂದೆ ಸ್ಟ್ಯಾಂಡ್ ಮೇಲಿದ್ದ ಸ್ಕ್ರಿಪ್ಟ್‌ನಲ್ಲಿ, ಝೂಮ್ ಮಾಡಿದರೆ, ಪಾತ್ರದ ಹೆಸರು ಓದಲು ಬರುತ್ತಿತ್ತು. ಅರ್ಧ ಗಂಟೆಯಲ್ಲಿ ಪ್ರೊಡ್ಯೂಸರ್ ಫೋನ್ ಮಾಡಿದರು. ತಕ್ಷಣ ತೆಗೆದೆ, ಕ್ಷಮೆ ಕೇಳಿದೆ. ಸಂಭಾವನೆ ಬಂತು, ಆದರೆ ಅಲ್ಲಿಂದ ಮತ್ತೆ ಕರೆ ಬರಲಿಲ್ಲ. ಎನ್‌ಡಿಎಗೆ, ಅಂದರೆ ಗುಟ್ಟು ಬಿಟ್ಟುಕೊಡುವುದಿಲ್ಲ ಅನ್ನುವ ಒಪ್ಪಂದಕ್ಕೆ, ಸಹಿ ಹಾಕಿದ ಮೇಲೆ ಪ್ರಾಜೆಕ್ಟಿನ ಹೆಸರಿರಲಿ, ಸುಳಿವು ಕೊಡುವ ಎಮೋಜಿ ಕೂಡ ಹಾಕಬಾರದು. ಬಿಡುಗಡೆಯಾದ ಮೇಲೂ ಅವರನ್ನು ಕೇಳಿಯೇ ಹಾಕಿ.

ಪ್ರೊಫೈಲ್‌ಗೆ ಪಿನ್ ಮಾಡುವ ಡೆಮೊ, ಅಂದರೆ ನಿಮ್ಮ ದನಿಯ ಮಾದರಿ, 60ರಿಂದ 90 ಸೆಕೆಂಡ್ ಇದ್ದರೆ ಸಾಕು. ನಿಮ್ಮ ಅತ್ಯುತ್ತಮ ತುಣುಕು ಮೊದಲೇ ಬರಲಿ, ಕೇಳುವವರು ಹತ್ತು ಸೆಕೆಂಡಿಗೇ ಮುಂದೆ ಹೋಗಿಬಿಡುತ್ತಾರೆ. ಆಡಿಯೊಬುಕ್, ಜಾಹೀರಾತು, ಗೇಮ್ ಎಲ್ಲವನ್ನೂ ಒಂದರಲ್ಲೇ ತುರುಕಬೇಡಿ. ಅಂದಹಾಗೆ, ನಿಮ್ಮ ದನಿ ಬಳಸಿ ಎಐಗೆ ತರಬೇತಿ ಕೊಡಲು ಒಪ್ಪಿಗೆ ಇಲ್ಲ ಅಂತ ಬಯೋದಲ್ಲಿ ಬರೆದರೆ ಕಳ್ಳರು ನಿಲ್ಲುವುದಿಲ್ಲ. ಆ ಮಾತು ಇರಬೇಕಾದ್ದು ಕಾಂಟ್ರಾಕ್ಟ್‌ನಲ್ಲಿ. 2022ರಲ್ಲಿ ಅಮೆರಿಕದ ವಾಯ್ಸ್ ಕಲಾವಿದರು ಕಟ್ಟಿಕೊಂಡ ನಾವಾ ಎಂಬ ಸಂಘ ಇದಕ್ಕೆಂದೇ ಕಾಂಟ್ರಾಕ್ಟ್‌ಗೆ ಸೇರಿಸುವ ಷರತ್ತುಗಳನ್ನು ಸಿದ್ಧಮಾಡಿ ಇಟ್ಟಿದೆ, ಒಮ್ಮೆ ಓದಿ ನೋಡಿ.

ಉತ್ತರ ಬರದಿದ್ದರೆ ಏನು ಮಾಡೋದು ಅಂತಲೂ ಕೇಳಿದ್ದೀರಿ. ಒಂದು ತಿಂಗಳು ಬಿಟ್ಟು, ಹೇಳಲು ಹೊಸದೇನಾದರೂ ಇದ್ದರೆ ಇನ್ನೊಮ್ಮೆ ಬರೆಯಿರಿ. ಮೂರನೇ ಸಲ ಬೇಡ. ನಾನು ದಿನಕ್ಕೆ ಇಪ್ಪತ್ತು ನಿಮಿಷ ಟೈಮರ್ ಇಟ್ಟು ಇಷ್ಟೂ ಮಾಡುತ್ತೇನೆ, ಉಳಿದ ಹೊತ್ತು ಓದು, ಅಭ್ಯಾಸ, ಆಡಿಷನ್.

ಇದನ್ನು ಬರೆಯುವ ಮುಂಚೆ ನಿಮ್ಮ ಪ್ರೊಫೈಲ್ ನೋಡಿದೆ. ದನಿ ಚೆನ್ನಾಗಿದೆ, ಮುದುಕಿಯ ಪಾತ್ರ ಮಾಡಿದ ರೀಲ್ ಎರಡು ಸಲ ಕೇಳಿದೆ. ಆದರೆ ಇಮೇಲ್ ವಿಳಾಸ ಎಲ್ಲೂ ಕಾಣಲಿಲ್ಲ. ಇವತ್ತೇ ಹಾಕಿ.