ಪ್ರತಿಕ್ರಿಯೆ: ಬಳ್ಳಾರಿಯಿಂದ ಒಂದೇ ದಿನದಲ್ಲಿ ಕಂಪ್ಲಿ, ಆನೆಗೊಂದಿ

ತಂದೆಯವರೊಂದಿಗೆ ಬಳ್ಳಾರಿಯಿಂದ ಒಂದು ದಿನದ ಪ್ರವಾಸ ಹೋದಾಗ ಕಾರು, ಮಾರ್ಗದರ್ಶಿ ಎರಡಕ್ಕೂ ಹಣ ಕೊಟ್ಟರೂ ಹಂಪಿಯನ್ನಷ್ಟೇ ತೋರಿಸಿ ಆನೆಗೊಂದಿಯನ್ನು ಬಿಟ್ಟರು ಎಂದಿದ್ದೀರಿ. ಇದಕ್ಕೆ ಕಾರಣ ಬಹುಶಃ ಹೊಳೆಯೇ. ಹಂಪಿ ತುಂಗಭದ್ರೆಯ ದಕ್ಷಿಣ ದಡದಲ್ಲಿದೆ, ಆನೆಗೊಂದಿ ಉತ್ತರದಲ್ಲಿ. ಹಂಪಿಗೆ ಮೊದಲು ಹೋದರೆ ವಿಠ್ಠಲ ದೇವಾಲಯದಲ್ಲೇ ಮಧ್ಯಾಹ್ನವಾಗುತ್ತದೆ. ಆಮೇಲೆ ಸುತ್ತಿಕೊಂಡು ಆಚೆ ದಡಕ್ಕೆ ಹೋಗಲು ಚಾಲಕರು ಒಪ್ಪುವುದು ಕಷ್ಟ.

ದಿಕ್ಕನ್ನೇ ತಿರುಗಿಸಿ. ಬೆಳಿಗ್ಗೆ ಆರಕ್ಕೆ ಹೊರಟು ಕುರುಗೋಡು ಮಾರ್ಗವಾಗಿ ಕಂಪ್ಲಿ ತಲುಪಿ, ಅಲ್ಲಿ ಸೇತುವೆ ದಾಟಿ ಗಂಗಾವತಿಯ ಮೇಲೆ ಆನೆಗೊಂದಿಗೆ ಬನ್ನಿ. ಸಂಜೆ ಆನೆಗೊಂದಿ ಬಳಿಯ ಕಡೆಬಾಗಿಲು ಸೇತುವೆಯಿಂದ ಹಂಪಿ, ಹೊಸಪೇಟೆ ಕಡೆಯಿಂದ ಮನೆಗೆ. ಊರುಗಳ ಹೆಸರನ್ನು ಇದೇ ಕ್ರಮದಲ್ಲಿ ಬರೆದು ಕಳುಹಿಸಿ, ಮುಂಗಡ ಕೊಡುವ ಮೊದಲೇ ಒಪ್ಪಿಗೆ ಪಡೆಯಿರಿ. ಕಿಲೋಮೀಟರ್ ಲೆಕ್ಕದ ಬಾಡಿಗೆಯಾದರೆ ಇದು ಇನ್ನೂ ಮುಖ್ಯ.

ಮಾರ್ಗದರ್ಶಿ ಆನೆಗೊಂದಿಯವರೇ ಆಗಿರಲಿ. ಅಲ್ಲಿನ ಹಳೆಯ ಹುಚ್ಚಪ್ಪಯ್ಯನ ಮಠದಲ್ಲಿ ಅವಸರ ಬೇಡ. ಅಲ್ಲಿನ ಕಪ್ಪುಕಲ್ಲಿನ ಕಂಬಗಳನ್ನು ತಿರುಗಣಿಯಲ್ಲಿ ಕಡೆದಂತೆ ನಯಗೊಳಿಸಿದ್ದಾರೆ; ಹತ್ತಿರ ನಿಂತು ನೋಡಿದರೇ ಆ ಕೆಲಸದ ಸೂಕ್ಷ್ಮ ತಿಳಿಯುವುದು. ನನಗಂತೂ ಹಂಪಿಯ ಜನಜಂಗುಳಿಗಿಂತ ಆ ಜಾಗವೇ ಹೆಚ್ಚು ಪ್ರಿಯ. ಒಂಬತ್ತು ಮಾಧ್ವ ಯತಿಗಳ ಸಮಾಧಿಗಳಿರುವ ನವಬೃಂದಾವನ ನಡುಗಡ್ಡೆಗೆ ದೋಣಿ ಬೇಕು, ಹತ್ತಿ ಇಳಿಯುವಾಗ ನಿಮ್ಮ ತಂದೆಯವರಿಗೆ ಕೈ ಆಸರೆ ಬೇಕಾಗಬಹುದು.

ಮಳೆಗಾಲದಲ್ಲಿ ಮಾತ್ರ ಯಾವುದನ್ನೂ ಖಚಿತವಾಗಿ ಹೇಳಲಾಗದು. ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟರೆ ಕಂಪ್ಲಿ ಸೇತುವೆ ಮುಳುಗಿ ಸಂಚಾರ ನಿಲ್ಲುತ್ತದೆ, ದೋಣಿಯೂ ನಿಲ್ಲುತ್ತದೆ. ಹಿಂದಿನ ಸಂಜೆಯೇ ಮಾರ್ಗದರ್ಶಿಗೆ ಕರೆ ಮಾಡಿ ವಿಚಾರಿಸಿ. ಕಂಪ್ಲಿ ಸೇತುವೆ ಬಂದ್ ಆಗಿದ್ದರೆ ಬುಕ್ಕಸಾಗರದ ಕಡೆಯಿಂದ ಕಡೆಬಾಗಿಲು ಸೇತುವೆ ದಾಟಿ ಮೊದಲು ಆನೆಗೊಂದಿಗೇ ಹೋಗಿ.